ತಳಿ ಪರೀಕ್ಷೆಗೆ 24 ತಾಕು: ಗೂಟ ಹೊಡೆಯುವುದರಿಂದ ತೂಕ ಹಾಕುವವರೆಗೆ

ಆರು ರಾಗಿ ತಳಿ. ನಾಲ್ಕು ಪಟ್ಟಿ, ಪ್ರತಿ ಪಟ್ಟಿಯಲ್ಲೂ ಆರೂ ತಳಿ. ಒಟ್ಟು 24 ತಾಕು, ಅಂದರೆ 24 ಸಣ್ಣ ತುಂಡು ನೆಲ. ಮಳೆಯನ್ನೇ ನಂಬಿದ ಹೊಲ, ನೀರು ಕಟ್ಟುವ ಮಾತಿಲ್ಲ. ಪಕ್ಕದ ಬೆಳೆಗೆ ಎಷ್ಟು ಗೊಬ್ಬರವೋ ಇಲ್ಲಿಗೂ ಅಷ್ಟೇ, ಅಲ್ಲಿ ಎಡೆಕುಂಟೆ ಹೊಡೆದ ದಿನವೇ ಇಲ್ಲೂ ಹೊಡೆಯುವುದು. ಇದನ್ನು ಹೇಗೆ ಹಾಕಿದೆ, ಏನೇನು ಸಾಮಾನು ಮಾಡಿಕೊಂಡೆ, ಕೊನೆಗೆ ತೂಕದ ಅಂಕಿಗಳನ್ನು ಹೇಗೆ ಓದಿದೆ ಅಂತ ಬರೆದಿಡುತ್ತಿದ್ದೇನೆ. ಬೇರೆ ಬೆಳೆಗೂ ಹೆಚ್ಚುಕಡಿಮೆ ಇದೇ ಲೆಕ್ಕ ನಡೆಯುತ್ತದೆ. ಸಾಲಿನ ಅಂತರ ಮತ್ತು ಬೀಜದ ತೂಕ ಬದಲಾಗುತ್ತದೆ ಅಷ್ಟೇ.

ಬೀಜದ ಚೀಲದ ಮೇಲೆ ಬರೆದ ಇಳುವರಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದು ಬೇರೆ ಮಣ್ಣಿನಲ್ಲಿ, ಬೇರೆ ಮಳೆಯಲ್ಲಿ, ಹೊತ್ತಿಗೆ ಸರಿಯಾಗಿ ಕಳೆ ತೆಗೆದ ತಾಕಿನಲ್ಲಿ ಬಂದದ್ದು. ಮಾಮೂಲಿ ಹೊಲದಲ್ಲಿ ಬಿತ್ತನೆ ಒಂದು ವಾರ ಹಿಂದೆಮುಂದೆ ಆಗುತ್ತದೆ, ತೆನೆ ಹೊರಡುವ ಹೊತ್ತಿಗೆ ಮಳೆ ಕೈಕೊಡುತ್ತದೆ, ಆಳು ಸಿಕ್ಕಾಗಲೇ ಕಳೆ ತೆಗೆಯುವುದು. ತಳಿ ಈ ಸ್ಥಿತಿಯಲ್ಲಿ ಏನು ಮಾಡುತ್ತದೆ ಅನ್ನುವುದೇ ನನಗೆ ಬೇಕಿದ್ದದ್ದು. ಹಾಗಾಗಿ ಪರೀಕ್ಷೆಯ ತಾಕು ಅಂತ ವಿಶೇಷ ಆರೈಕೆ ಮಾಡುವ ಹಾಗಿಲ್ಲ. ಹೇಳುವುದು ಸುಲಭ, ಬಾಡಿದ ಪೈರು ಕಂಡರೆ ಕೈ ತಾನಾಗಿ ನೀರಿನ ಕೊಡದ ಕಡೆ ಹೋಗುತ್ತದೆ.

ಆದರೆ ನಿಜವಾದ ತಲೆನೋವು ತಳಿಯಲ್ಲ, ಹೊಲ. ಒಂದೇ ತಳಿಯನ್ನು ಒಂದೇ ಹೊಲದ ಎರಡು ಮೂಲೆಯಲ್ಲಿ ಹಾಕಿದರೂ ಇಳುವರಿ ಬೇರೆಬೇರೆ ಬರುತ್ತದೆ. ಎಷ್ಟು ಬೇರೆ? ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರ ರಾಥಮ್‌ಸ್ಟೆಡ್‌ನಲ್ಲಿ ಮರ್ಸರ್ ಮತ್ತು ಹಾಲ್ ಎಂಬಿಬ್ಬರು ಒಂದೇ ತರಹ ಬೆಳೆದಿದ್ದ ಒಂದು ಎಕರೆ ಗೋಧಿಯನ್ನು 500 ಸಣ್ಣ ತುಂಡು ಮಾಡಿ, ಪ್ರತಿ ತುಂಡನ್ನೂ ಬೇರೆ ಕೊಯ್ದು ತೂಗಿ, 1911ರಲ್ಲಿ ಪ್ರಕಟಿಸಿದರು. ಒಂದೇ ತಳಿ, ಒಂದೇ ಗೊಬ್ಬರ. ಆದರೂ ಒಂದು ತುಂಡಿನಲ್ಲಿ 2.73 ಪೌಂಡ್ ಕಾಳು, ಇನ್ನೊಂದರಲ್ಲಿ 5.16 ಪೌಂಡ್. ಹತ್ತಿರ ಹತ್ತಿರ ದುಪ್ಪಟ್ಟು! ಕಡಿಮೆ ಬಂದ ತುಂಡಿನಲ್ಲಿ ಹಳೇ ತಳಿ, ಜಾಸ್ತಿ ಬಂದ ತುಂಡಿನಲ್ಲಿ ಹೊಸ ತಳಿ ಇದ್ದಿದ್ದರೆ ಎಲ್ಲರೂ ಹೊಸದಕ್ಕೆ ಜೈ ಅಂದಿರುತ್ತಿದ್ದರು ಅಲ್ವಾ? ಅರ್ಧ ಹೊಲಕ್ಕೆ ಇದು, ಅರ್ಧಕ್ಕೆ ಅದು ಹಾಕಿ ನೋಡಿದೆ ಅಂತ ಯಾರಾದರೂ ಹೇಳಿದರೆ ನಾನು ಸುಮ್ನೆ ತಲೆಯಾಡಿಸುತ್ತೇನೆ, ನಂಬುವುದಿಲ್ಲ. ಕೆಳಗೆ ಬರೆದ ಎಲ್ಲ ಕೆಲಸವೂ ಹೊಲದ ಈ ಏರುಪೇರನ್ನು ತಳಿಯ ಲೆಕ್ಕದಿಂದ ಬೇರೆ ಮಾಡುವುದಕ್ಕೆ.

ಜಾಗ

ಜಾಗವನ್ನು ಬಿತ್ತನೆ ಹೊತ್ತಿಗೆ ಆರಿಸಲಿಲ್ಲ. ಹಿಂದಿನ ಬೆಳೆ ಇನ್ನೂ ನಿಂತಿದ್ದಾಗಲೇ ಆರಿಸಿದೆ, ಯಾಕಂದರೆ ಬರಿ ನೆಲ ಏನನ್ನೂ ಹೇಳುವುದಿಲ್ಲ, ಪೈರು ಎಲ್ಲ ಹೇಳುತ್ತದೆ. ಹಳೇ ತಿಪ್ಪೆ ಇದ್ದ ಜಾಗದಲ್ಲಿ ಪೈರು ಕಡು ಹಸಿರು. ಕಿತ್ತುಹಾಕಿದ ಬದು ಇದ್ದ ಕಡೆ ಉದ್ದಕ್ಕೆ ಒಂದು ಗೆರೆಯೇ ಕಾಣುತ್ತದೆ. ಮರದ ಹತ್ತಿರ ನೆರಳು ಬೀಳದ ಕಡೆಗೂ ಬೇರು ಬಂದು ನೀರು ಹೀರುತ್ತದೆ, ಅಲ್ಲಿ ಪೈರು ಗಿಡ್ಡ. ದನ ಓಡಾಡಿದ ದಾರಿ ಗಟ್ಟಿ. ಇವನ್ನೆಲ್ಲ ಒಂದು ಹಾಳೆಯ ಮೇಲೆ ಗುರುತು ಹಾಕಿಕೊಂಡು, ಇವುಗಳಿಂದ ದೂರ ಒಂದು ತುಂಡು ಹುಡುಕಿದೆ.

ಒಂದು ಒಳ್ಳೆ ಮಳೆ ಬಿದ್ದ ಮೇಲೆ ಚೂಪು ತುದಿಯ ಕಬ್ಬಿಣದ ಸರಳು ಹಿಡಿದು ಆ ತುಂಡಿನಲ್ಲಿ ಅಲ್ಲಲ್ಲಿ ಚುಚ್ಚಿ ನೋಡಿದೆ. ಕೆಳಗಿನ ಕಡೆ ಸರಳು ಮೊಣಕಾಲುದ್ದ ಸಲೀಸಾಗಿ ಇಳಿಯಿತು. ಮೇಲಿನ ಕಡೆ ಗೇಣುದ್ದಕ್ಕೇ ಗರಕ್ ಅಂತ ಗರಸು ಸಿಕ್ಕಿತು. ಅಂದರೆ ಇಳಿಜಾರಿನ ಮೇಲೆ ಮಣ್ಣು ತೆಳು, ಕೆಳಗೆ ದಪ್ಪ. ಇದನ್ನು ಸರಿ ಮಾಡುವುದಕ್ಕೆ ಆಗುವುದಿಲ್ಲ, ಸರಿ ಮಾಡಬೇಕಾಗಿಯೂ ಇಲ್ಲ. ಎಲ್ಲ ತಳಿಗೂ ತೆಳು ಮಣ್ಣಿನ ಪಾಲೂ ದಪ್ಪ ಮಣ್ಣಿನ ಪಾಲೂ ಸಮನಾಗಿ ಸಿಕ್ಕರೆ ಸಾಕು.

ಅದಕ್ಕೇ ಪಟ್ಟಿ. ಗಾರೆಯವರು ಬಳಸುವ ಲೆವೆಲ್ ಟ್ಯೂಬಿಗೆ ನೀರು ತುಂಬಿ ಸಮಮಟ್ಟದ ಗೆರೆ ಹಿಡಿದೆ. ಇಳಿಜಾರಿಗೆ ಅಡ್ಡಲಾಗಿ ನಾಲ್ಕು ಪಟ್ಟಿ, ಒಂದರ ಕೆಳಗೆ ಒಂದು. ಪ್ರತಿ ಪಟ್ಟಿಯಲ್ಲೂ ಆರು ತಳಿಯೂ ಇರಬೇಕು. ಒಂದು ಪಟ್ಟಿಯೊಳಗಿನ ಆರು ತಾಕೂ ಒಂದೇ ಮಟ್ಟದಲ್ಲಿರುವುದರಿಂದ ಅವುಗಳ ಮಣ್ಣು ಹತ್ತಿರ ಹತ್ತಿರ ಒಂದೇ. ಪಟ್ಟಿ ಪಟ್ಟಿಗೆ ಎಷ್ಟು ಬೇಕಾದರೂ ವ್ಯತ್ಯಾಸ ಇರಲಿ, ಲೆಕ್ಕದಲ್ಲಿ ಅದನ್ನು ಕಳೆಯಬಹುದು. ಪಟ್ಟಿಯನ್ನು ಇಳಿಜಾರಿನ ಉದ್ದಕ್ಕೆ ಮೇಲಿಂದ ಕೆಳಕ್ಕೆ ಹಾಕಿದರೆ ಕಥೆ ಮುಗಿಯಿತು, ಒಂದು ತಳಿ ಗರಸಿನ ಮೇಲೆ, ಇನ್ನೊಂದು ಹೂಳಿನ ಮೇಲೆ.

ಯಾವ ತಾಕಿಗೆ ಯಾವ ತಳಿ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿದೆ. ಪ್ರತಿ ಪಟ್ಟಿಗೂ ಹೊಸದಾಗಿ ಆರು ಚೀಟಿ. ನಾಲ್ಕೂ ಪಟ್ಟಿಯಲ್ಲಿ ಒಂದೇ ಕ್ರಮ ಇಟ್ಟರೆ ನೋಡುವುದಕ್ಕೆ ನೀಟಾಗಿರುತ್ತದೆ, ಆದರೆ ಬದುವಿನ ಪಕ್ಕದ ತಳಿ ನಾಲ್ಕು ಸಲವೂ ಬದುವಿನ ಪಕ್ಕದಲ್ಲೇ ಕೂರುತ್ತದೆ. ಚೀಟಿ ಎತ್ತುವ ಈ ಪದ್ಧತಿಯನ್ನು ಹೊಲದ ಪರೀಕ್ಷೆಗೆ ಗಟ್ಟಿಯಾಗಿ ತಂದದ್ದು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, 1919ರಲ್ಲಿ ಅದೇ ರಾಥಮ್‌ಸ್ಟೆಡ್‌ಗೆ ಸೇರಿದ ಮೇಲೆ. ಚೀಟಿ ಎತ್ತಿದ ಮೇಲೆ "ಇದು ಚೆನ್ನಾಗಿ ಕಾಣುತ್ತಿಲ್ಲ" ಅಂತ ಅದಲುಬದಲು ಮಾಡಬಾರದು. ಹಾಗೆ ಮಾಡುವುದಾದರೆ ಚೀಟಿ ಯಾಕೆ?

ತಳಿಗಳ ಹೆಸರು ತೆಗೆದು ಅಕ್ಷರ ಕೊಟ್ಟೆ: ಕ, ಗ, ಟ, ನ, ಮ, ಸ. ಇದರಲ್ಲಿ ಒಂದು, ಹೊಲದಲ್ಲಿ ಮೊದಲಿನಿಂದ ಬೆಳೆಯುತ್ತಿರುವ ತಳಿ. ಅದೇ ಹೋಲಿಕೆಗೆ, ಚೆಕ್ ಅಂತಾರಲ್ಲ ಅದು. ಅ, ಆ, ಇ, ಈ ಬೇಡ ಅಂತ ಮೊದಲೇ ಬಿಟ್ಟೆ, ಕೆಸರು ಮೆತ್ತಿದ ಹಾಳೆಯಲ್ಲಿ ಅ ಮತ್ತು ಆ ಒಂದೇ ತರಹ ಕಾಣುತ್ತವೆ. ಯಾವ ಅಕ್ಷರ ಯಾವ ತಳಿ ಅನ್ನುವ ಹಾಳೆಯನ್ನು ಮನೆಯಲ್ಲಿ ಬೇರೆಯವರ ಕೈಗೆ ಕೊಟ್ಟೆ. ರೋಗಕ್ಕೆ ಅಂಕ ಕೊಡುವಾಗ ಹೆಸರು ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ.

ಚೌಕ ಮತ್ತು ಗೆರೆಹಲಗೆ

ತಾಕಿನ ಅಳತೆ 4 ಮೀಟರ್ ಉದ್ದ, 3 ಮೀಟರ್ ಅಗಲ. ಈ ಅಳತೆಗೆ ಒಂದು ಅನುಕೂಲ ಇದೆ. ಮೂಲೆಯಿಂದ ಮೂಲೆಗೆ ಸರಿಯಾಗಿ 5 ಮೀಟರ್ ಬರುತ್ತದೆ. ಹಾಗಾಗಿ ಮೂಲೆಮಟ್ಟ ಬೇಕಿಲ್ಲ, ಎರಡೂ ಕರ್ಣ 5 ಮೀಟರ್ ಬಂದರೆ ತಾಕು ಚೌಕವಾಗಿದೆ ಅಂತ ಅರ್ಥ. ಆರು ತಾಕು ಪಕ್ಕಪಕ್ಕ ಇಟ್ಟರೆ 18 ಮೀಟರ್. ನಾಲ್ಕು ಪಟ್ಟಿ, ನಡುವೆ ಒಂದೊಂದು ಮೀಟರ್ ಓಡಾಡುವ ದಾರಿ, ಒಟ್ಟು 19 ಮೀಟರ್. ಇಡೀ ಜಾಗದ ಕರ್ಣ 26 ಮೀಟರ್ 17 ಸೆಂ.ಮೀ. ಬರಬೇಕು. ಮೊದಲು ಈ ದೊಡ್ಡ ಚೌಕ ಹಿಡಿದು, ಆಮೇಲೆ ಒಳಗೆ ಸಣ್ಣವನ್ನು ಗುರುತಿಸಿದೆ. ಉಲ್ಟಾ ಮಾಡಿದರೆ ಒಂದೊಂದು ತಾಕಿನ ಸಣ್ಣ ತಪ್ಪು ಸೇರಿಸೇರಿ ಕೊನೆಯ ತಾಕು ಓರೆಯಾಗುತ್ತದೆ.

ಅಳೆಯಲು ನೈಲಾನ್ ಹಗ್ಗ ಬೇಡ, ಎಳೆದಷ್ಟು ಉದ್ದವಾಗುತ್ತದೆ. ಬೇಲಿಗೆ ಕಟ್ಟುವ ತೆಳು ತಂತಿಯಲ್ಲಿ 3, 4, 5 ಮೀಟರಿಗೆ ಬಣ್ಣದ ಟೇಪು ಸುತ್ತಿಕೊಂಡೆ. ಗೂಟಗಳನ್ನು ಮೊಳಕಾಲಿಗಿಂತ ಎತ್ತರ ಬಿಟ್ಟೆ. ಗಿಡ್ಡ ಗೂಟ ಎಡೆಕುಂಟೆಗೆ ಸಿಕ್ಕಿ ಕಿತ್ತುಹೋಗುತ್ತದೆ, ಆಮೇಲೆ ಪೈರಿನೊಳಗೆ ಸಿಗುವುದೂ ಇಲ್ಲ.

ಸಾಲಿನ ಅಂತರ 30 ಸೆಂ.ಮೀ., ಅಂದರೆ 3 ಮೀಟರಿನಲ್ಲಿ ಹತ್ತು ಸಾಲು. ಮೊದಲ ಸಾಲು ಅಂಚಿನಿಂದ 15 ಸೆಂ.ಮೀ. ಒಳಗೆ. ಇದಕ್ಕೆ ಒಂದು ಗೆರೆಹಲಗೆ ಮಾಡಿಕೊಂಡೆ. ಹತ್ತು ಹಲ್ಲಿನ ಹಲಗೆ ಒಬ್ಬರ ಕೈಗೆ ಭಾರ, ತಿರುಗಿಸುವುದೂ ಕಷ್ಟ. ಆರು ಹಲ್ಲು ಸಾಕು. ಮೊದಲ ಸಲ 1ರಿಂದ 6ನೇ ಸಾಲು ಎಳೆಯುವುದು, ಎರಡನೇ ಸಲ ಮೊದಲೆರಡು ಹಲ್ಲನ್ನು 5 ಮತ್ತು 6ನೇ ಗೆರೆಯೊಳಗೇ ಇಟ್ಟು ಎಳೆದರೆ 7ರಿಂದ 10 ತಾನಾಗಿ ಬರುತ್ತದೆ. ಎರಡು ಹಲ್ಲು ಹಳೇ ಗೆರೆ ಹಿಡಿದಿರುವುದರಿಂದ ಸಾಲು ಸೊಟ್ಟ ಆಗುವುದಿಲ್ಲ. ಹಲ್ಲಿಗೆ ಮೊಳೆ ಹೊಡೆದರೆ ನಾಲ್ಕು ಕಲ್ಲು ತಾಗಿದ ಮೇಲೆ ಅಲ್ಲಾಡುತ್ತದೆ. ತೂತು ಕೊರೆದು ಉದ್ದನೆಯ ಬೋಲ್ಟ್ ಇಳಿಸಿ, ಹಲಗೆಯ ಮೇಲೊಂದು ಕೆಳಗೊಂದು ನಟ್ಟು ಬಿಗಿದರೆ ಗಟ್ಟಿ. ಜೊತೆಗೆ ಆಳವನ್ನೂ ಸರಿಹೊಂದಿಸಬಹುದು. ರಾಗಿಗೆ 2ರಿಂದ 3 ಸೆಂ.ಮೀ. ಸಾಕು, ಅದಕ್ಕಿಂತ ಆಳಕ್ಕೆ ಹೋದರೆ ಸಣ್ಣ ಕಾಳು ಮೇಲೆ ಬರುವುದೇ ಕಷ್ಟ.

ಬೀಜದ ಪೊಟ್ಟಣ

ಆರು ಕಡೆಯಿಂದ ಬಂದ ಬೀಜ, ಆರು ತರಹದ ವಯಸ್ಸು. ಹಳೇ ಬೀಜದ ತಳಿ ಸೋತರೆ ಅದು ತಳಿಯ ಸೋಲಲ್ಲ. ಹಾಗಾಗಿ ಪ್ರತಿಯೊಂದರಿಂದ 100 ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿದೆ. 80 ಮೊಳೆತರೆ ಬೀಜದ ತೂಕವನ್ನು 100 ಭಾಗಿಸು 80, ಅಂದರೆ ಒಂದೂಕಾಲು ಪಟ್ಟು ಮಾಡಬೇಕು.

ಹೆಕ್ಟೇರಿಗೆ 10 ಕಿಲೋ ಬೀಜ ಅಂದರೆ ಚದರ ಮೀಟರಿಗೆ 1 ಗ್ರಾಂ. 12 ಚದರ ಮೀಟರಿನ ತಾಕಿಗೆ 12 ಗ್ರಾಂ, ಸಾಲಿಗೆ 1.2 ಗ್ರಾಂ. ಅಡುಗೆಮನೆ ತಕ್ಕಡಿ ಇಷ್ಟು ಸಣ್ಣ ತೂಕವನ್ನು ಸರಿಯಾಗಿ ತೋರಿಸುವುದಿಲ್ಲ. ತಾಕಿನ ತೂಕ ಹಾಕಿ, ಅದನ್ನು ಹತ್ತು ಭಾಗ ಮಾಡುವುದು ಸುಲಭ. ಪ್ರತಿ ಭಾಗಕ್ಕೂ ಒಂದು ಹಿಡಿ ಒಣ ಮರಳು ಬೆರೆಸಿ ಪೊಟ್ಟಣ ಕಟ್ಟಿದೆ. ಮರಳಿಲ್ಲದಿದ್ದರೆ ಸಾಲಿನ ಮೊದಲ ಮೀಟರಿನಲ್ಲೇ ಅರ್ಧ ಬೀಜ ಉದುರಿಹೋಗುತ್ತದೆ. ಒಂದು ಸಾಲಿಗೆ ಒಂದು ಪೊಟ್ಟಣ, ಒಟ್ಟು 240. ಬೇಸರದ ಕೆಲಸ, ಆದರೆ ಬಿತ್ತನೆ ದಿನ ಯಾರು ಬೇಕಾದರೂ ಬಿತ್ತಬಹುದು, ಲೆಕ್ಕ ತಪ್ಪುವುದಿಲ್ಲ. ಬಿತ್ತುವ ಮೊದಲು ಎಲ್ಲ ಪೊಟ್ಟಣವನ್ನೂ ಅವುಗಳ ಸಾಲಿನ ತಲೆಗೆ ಇಟ್ಟು, ನಕ್ಷೆ ಹಿಡಿದು ಒಂದು ಸುತ್ತು ನೋಡಿ, ಆಮೇಲೇ ಮೊದಲ ಪೊಟ್ಟಣ ಒಡೆದದ್ದು.

ತಾಕಿನ ಲೇಬಲ್ ಬರೆಯಲು ಮಾರ್ಕರ್ ಪೆನ್ನು ಬೇಡ. ಬಿಸಿಲಿಗೆ ಅಳಿಸಿಹೋಗುತ್ತದೆ. ತಗಡಿನ ಡಬ್ಬಿಯ ತೆಳು ಅಲ್ಯೂಮಿನಿಯಂ ಕತ್ತರಿಸಿ, ಇಂಕು ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಅಕ್ಷರ ತಗ್ಗಾಗಿ ಕೂರುತ್ತದೆ. ಕೆಸರು ಮೆತ್ತಿದರೆ ಒರೆಸಿ ಓದಬಹುದು. ತಾಕಿನ ನಂಬರ್ ಮಾತ್ರ ಬರೆದೆ, ತಳಿಯ ಅಕ್ಷರವನ್ನೂ ಬರೆಯಲಿಲ್ಲ.

ಪೈರು ನಿಂತ ಮೇಲೆ

ಮೊಳೆತ ಮೇಲೆ ಮೊದಲ ಕೆಲಸ ಎಣಿಕೆ. ಪ್ರತಿ ತಾಕಿನ ಒಳಸಾಲುಗಳಲ್ಲಿ ಒಂದೊಂದು ಮೀಟರ್ ಹಿಡಿದು ಎಷ್ಟು ಗಿಡ ಬಂದಿದೆ ಅಂತ ಬರೆದುಕೊಂಡೆ. ಆಮೇಲೆ ಹೆಚ್ಚಾದ ಪೈರು ಕಿತ್ತು ಗಿಡದಿಂದ ಗಿಡಕ್ಕೆ ಸುಮಾರು 10 ಸೆಂ.ಮೀ. ಬಿಟ್ಟೆ. ಒಂದು ಪಟ್ಟಿಯ ಕೆಲಸ ಶುರು ಮಾಡಿದರೆ ಆ ಪಟ್ಟಿಯನ್ನು ಅವತ್ತೇ ಮುಗಿಸಬೇಕು. ಕೀಳುವವರೂ ಪಟ್ಟಿಯೊಳಗೆ ಬದಲಾಗಬಾರದು, ಒಬ್ಬರ ಕೈ ಧಾರಾಳ, ಇನ್ನೊಬ್ಬರ ಕೈ ಬಿಗಿ. ನಾಳೆ ಮಳೆ ಬಂದರೆ ಪಟ್ಟಿ ಪಟ್ಟಿ ನಡುವಿನ ವ್ಯತ್ಯಾಸಕ್ಕೆ ಸೇರುತ್ತದೆ, ತಳಿಗೆ ತಾಗುವುದಿಲ್ಲ.

ಹಾಳಾದ ತಾಕನ್ನು ಏನು ಮಾಡುವುದು? ಇದರ ನಿಯಮವನ್ನು ಬಿತ್ತುವ ಮೊದಲೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೆ. ದನ ನುಗ್ಗಿ ತಿಂದರೆ, ಇಲಿ ಬಿಲ ತೋಡಿದರೆ, ಗೊಬ್ಬರದ ಚೀಲ ಒಡೆದು ಒಂದೇ ಕಡೆ ಸುರಿದರೆ, ಆ ತಾಕು ಲೆಕ್ಕದಿಂದ ಹೊರಗೆ. ಅದರಲ್ಲಿ ತಳಿಯ ಪಾತ್ರ ಇಲ್ಲ. ಆದರೆ ಮೊಳಕೆಯೇ ಸರಿಯಾಗಿ ಬರಲಿಲ್ಲ, ರೋಗ ತಗುಲಿತು, ಗಾಳಿಗೆ ಮಲಗಿತು ಅಂದರೆ ತಾಕು ಲೆಕ್ಕದಲ್ಲೇ ಇರಬೇಕು. ಅದು ತಳಿಯ ಗುಣ. ಕೊಯ್ಲಿನ ಹೊತ್ತಿಗೆ ಈ ನಿರ್ಧಾರ ಮಾಡಲು ಕೂತರೆ ಇಷ್ಟವಾದ ತಳಿಯ ಕೆಟ್ಟ ತಾಕಿಗೆಲ್ಲ ಏನಾದರೊಂದು ನೆಪ ಸಿಗುತ್ತದೆ.

ತೆನೆ ಹೊರಟ ದಿನವನ್ನು ತಾಕಿನ ಅರ್ಧ ಗಿಡಗಳಲ್ಲಿ ತೆನೆ ಕಂಡ ದಿನ ಅಂತ ಇಟ್ಟುಕೊಂಡೆ. ಮೊದಲ ತೆನೆ ಕಂಡ ದಿನ ಬರೆದರೆ ಉಪಯೋಗ ಇಲ್ಲ, ಆತುರದ ಗಿಡ ಎಲ್ಲ ತಾಕಿನಲ್ಲೂ ಒಂದೆರಡು ಇರುತ್ತದೆ.

ಬೆಂಕಿ ರೋಗವನ್ನು ಎಲೆಯಲ್ಲಿ ಒಂದು ಸಲ, ಕುತ್ತಿಗೆಯಲ್ಲಿ ಒಂದು ಸಲ ನೋಡಬೇಕು, ಎರಡೂ ಬೇರೆ ಲೆಕ್ಕ. ಎಲೆಯ ಮೇಲೆ ನೂಲುವ ಕದಿರಿನ ಆಕಾರದ ಕಲೆ, ನಡುವೆ ಬೂದು ಬಣ್ಣ, ಅಂಚು ಕಂದು. ಕಣ್ಣಿಗೆ ಬೇಗ ಬೀಳುವುದು ಇದೇ, ಆದರೆ ನಷ್ಟ ಜಾಸ್ತಿ ಮಾಡುವುದು ಕುತ್ತಿಗೆಯ ರೋಗ. ತೆನೆಯ ಕೆಳಗೆ ಒಂದೆರಡು ಅಂಗುಲ ಕಪ್ಪಾಗಿ ಸುಕ್ಕುಗಟ್ಟುತ್ತದೆ. ಮೇಲಿನ ತೆನೆ ದೂರದಿಂದ ಹಣ್ಣಾದ ಹಾಗೆ ಕಾಣುತ್ತದೆ. ಅಂಗೈಯಲ್ಲಿ ಉಜ್ಜಿ ಊದಿದರೆ ಎಲ್ಲ ಜೊಳ್ಳು, ಹಾರಿಹೋಗುತ್ತದೆ. ಟ ತಾಕುಗಳಲ್ಲಿ ಎಲೆ ತುಂಬಾ ಕಲೆ ಇತ್ತು, ಕುತ್ತಿಗೆ ಹಸಿರಾಗಿಯೇ ಇತ್ತು. ಸ ಇದಕ್ಕೆ ಉಲ್ಟಾ, ಎಲೆ ಲಕ್ಷಣವಾಗಿತ್ತು, ತೆನೆ ಕೈಕೊಟ್ಟಿತು. ಎಲೆ ಮಾತ್ರ ನೋಡಿ ಅಂಕ ಕೊಟ್ಟಿದ್ದರೆ ಸ ಗೆದ್ದುಬಿಡುತ್ತಿತ್ತು.

ಇನ್ನು ಹಕ್ಕಿ. ಸಣ್ಣ ತಾಕಿನ ಪರೀಕ್ಷೆಯಲ್ಲಿ ಬೇಗ ಹಣ್ಣಾಗುವ ತಳಿಗೆ ಆಗುವ ಅನ್ಯಾಯ ಇದು. ಸುತ್ತಲಿನ ಹೊಲವೆಲ್ಲ ಹಸಿರಾಗಿರುವಾಗ ಈ ನಾಲ್ಕು ತಾಕಲ್ಲಿ ಮಾತ್ರ ಕಾಳು ಕಟ್ಟಿರುತ್ತದೆ. ಊರಿನ ಹಕ್ಕಿಯೆಲ್ಲ ಅಲ್ಲಿಗೇ. ಇಡೀ ಹೊಲಕ್ಕೇ ಆ ತಳಿ ಹಾಕಿದ್ದರೆ ಕಾಟ ಹಂಚಿಹೋಗುತ್ತಿತ್ತು, ಇಷ್ಟು ನಷ್ಟ ಆಗುತ್ತಿರಲಿಲ್ಲ. ನನ್ನಲ್ಲಿ ಗ ಎಲ್ಲಕ್ಕಿಂತ ಮೊದಲು ಹಣ್ಣಾಯಿತು. ಅದಕ್ಕೆ ಎರಡು ಉಪಾಯ ಮಾಡಿದೆ. ಪ್ರಯೋಗದ ಸುತ್ತ ಒಂದು ಅಂಚುಪಟ್ಟಿಗೆ ಬಿತ್ತನೆ ದಿನವೇ ಬೇಗ ಬರುವ ತಳಿಯನ್ನೇ ಹಾಕಿದ್ದೆ, ಹಕ್ಕಿ ಮೊದಲು ಅಲ್ಲಿ ಕೂತವು. ಜೊತೆಗೆ ಎಲ್ಲ 24 ತಾಕಿನಲ್ಲೂ ಒಂದಷ್ಟು ತೆನೆಗೆ ತೆಳು ಬಟ್ಟೆ ಚೀಲ ಕಟ್ಟಿದೆ. ಚೀಲ ಕಟ್ಟಿದ ತೆನೆಯ ತೂಕ, ಕಟ್ಟದ ತೆನೆಯ ತೂಕ ಎರಡನ್ನೂ ಹೋಲಿಸಿದರೆ ಹಕ್ಕಿ ಎಷ್ಟು ತಿಂದಿತು ಅಂತ ಅಂದಾಜು ಸಿಗುತ್ತದೆ. ಗ ತಾಕಿಗೆ ಮಾತ್ರ ಬಲೆ ಹಾಕುವುದು ಬೇಡ, ಬಲೆಯ ನೆರಳೂ ಆಸರೆಯೂ ಅದೊಂದಕ್ಕೇ ಸಿಕ್ಕಂತಾಗುತ್ತದೆ.

ಕೊಯ್ಲು

ಇಡೀ ತಾಕನ್ನು ಕೊಯ್ದು ತೂಗಬಾರದು. ಅಂಚಿನ ಸಾಲಿಗೆ ಪಕ್ಕದ ತಾಕಿನ ಪ್ರಭಾವ ಇರುತ್ತದೆ: ಪಕ್ಕದಲ್ಲಿ ಎತ್ತರದ ತಳಿ ಇದ್ದರೆ ನೆರಳು, ಅದು ಮಲಗಿದರೆ ಇದರ ಮೇಲೇ ಬೀಳುತ್ತದೆ. ದಾರಿಯ ಪಕ್ಕದ ಗಿಡಗಳಿಗೆ ಗಾಳಿ ಬೆಳಕು ಜಾಸ್ತಿ, ತೆಂಡೆಯೂ (ಬುಡದಿಂದ ಒಡೆಯುವ ಮರಿ ಕಾಂಡ) ಜಾಸ್ತಿ. ಹತ್ತು ಸಾಲಿನಲ್ಲಿ ಅಂಚಿನ ಎರಡು ಸಾಲು ಅಂದರೆ ಐದನೇ ಒಂದು ಭಾಗ, ಸಣ್ಣದಲ್ಲ. ಅವೆರಡನ್ನೂ, ಎರಡು ತುದಿಯಲ್ಲಿ ಅರ್ಧರ್ಧ ಮೀಟರನ್ನೂ ಮೊದಲು ಕೊಯ್ದು ಹೊಲದಿಂದ ಆಚೆ ಸಾಗಿಸಿದೆ. ಅಲ್ಲೇ ಗುಡ್ಡೆ ಹಾಕಿದರೆ ಬೆರೆಯುತ್ತದೆ. ಉಳಿದದ್ದು 3 ಮೀಟರ್ ಉದ್ದದ ಎಂಟು ಸಾಲು, 7.2 ಚದರ ಮೀಟರ್. ಮರ್ಸರ್ ಮತ್ತು ಹಾಲ್ ಅವರ ತುಂಡು ಸುಮಾರು 8 ಚದರ ಮೀಟರ್, ಹಾಗಾಗಿ ಅವರು ಕಂಡ ಏರುಪೇರು ನನಗೂ ಹೆಚ್ಚುಕಡಿಮೆ ಅನ್ವಯಿಸುತ್ತದೆ ಅಂತ ಇಟ್ಟುಕೊಂಡೆ.

ಪ್ರತಿ ತಳಿಯನ್ನೂ ಅದು ಹಣ್ಣಾದಾಗಲೇ ಕೊಯ್ಯಬೇಕು, ಎಲ್ಲವನ್ನೂ ಒಂದೇ ದಿನ ಅಲ್ಲ. ತೆನೆ ಕೊಯ್ದು ತಾಕಿಗೊಂದು ಬಟ್ಟೆ ಚೀಲ, ಚೀಲದ ಒಳಗೊಂದು ಲೇಬಲ್, ಹೊರಗೊಂದು ಲೇಬಲ್. ಒಕ್ಕಣೆ ಯಂತ್ರಕ್ಕೆ ಹಾಕಲಿಲ್ಲ. ಸಣ್ಣ ಕಾಳು ಯಂತ್ರದ ಸಂದಿಯಲ್ಲಿ ಕೂತು ಮುಂದಿನ ತಾಕಿನ ಜೊತೆ ಹೊರಬರುತ್ತದೆ. ಚೆನ್ನಾಗಿ ಒಣಗಿಸಿ, ಚೀಲದ ಬಾಯಿ ಕಟ್ಟಿ, ಅದರೊಳಗೇ ಇಟ್ಟು ಕೋಲಿನಿಂದ ಬಡಿದರೆ ಒಂದು ಕಾಳೂ ಆಚೆ ಹೋಗುವುದಿಲ್ಲ. ಆಮೇಲೆ ಜರಡಿ, ಮೊರ. ಕೇರುವವರು ಒಬ್ಬರೇ ಇದ್ದರೆ ಒಳ್ಳೆಯದು.

ತೇವಾಂಶ ನೋಡದೆ ತೂಗಿದರೆ ತಡವಾಗಿ ಕೊಯ್ದ ತಳಿ ನೀರಿನ ತೂಕದಿಂದ ಗೆಲ್ಲುತ್ತದೆ. ಮೀಟರ್ ಇದ್ದರೆ ಎಲ್ಲವನ್ನೂ ಶೇ 12ಕ್ಕೆ ತರಬಹುದು: ತೂಕವನ್ನು (100 ಕಳೆ ತೇವಾಂಶ)ದಿಂದ ಗುಣಿಸಿ 88ರಿಂದ ಭಾಗಿಸುವುದು. 1800 ಗ್ರಾಂ ಕಾಳಿನಲ್ಲಿ ಶೇ 16 ತೇವ ಇದ್ದರೆ ನಿಜವಾದ ಲೆಕ್ಕ 1718 ಗ್ರಾಂ. ಮೀಟರ್ ಇಲ್ಲದಿದ್ದರೆ ಉಪ್ಪಿನ ಪರೀಕ್ಷೆ ಇದೆ. ಒಣಗಿದ ಗಾಜಿನ ಬಾಟಲಿಗೆ ಕಾಳು ಹಾಕಿ, ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ, ಕೆಲವು ನಿಮಿಷ ಅಲ್ಲಾಡಿಸಿ ಬಿಡಬೇಕು. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ 15ಕ್ಕಿಂತ ಜಾಸ್ತಿ, ಇನ್ನೂ ಒಣಗಿಸಬೇಕು. ಕೊನೆಗೆ ಎಲ್ಲ ಚೀಲವನ್ನೂ ಒಂದೇ ಕೋಣೆಯಲ್ಲಿ ಇಟ್ಟು, ತೂಕ ಇಳಿಯುವುದು ನಿಂತ ಮೇಲೆ ಒಟ್ಟಿಗೆ ತೂಗಿದರೆ ಹೋಲಿಕೆಗೆ ಸಾಕು. ತಕ್ಕಡಿಯನ್ನು ಒಂದು ಲೀಟರ್ ನೀರಿನಿಂದ ನೋಡಿಕೊಳ್ಳಬಹುದು, ಪಾತ್ರೆಯ ತೂಕ ಕಳೆದರೆ ಒಂದು ಕಿಲೋ ಬರಬೇಕು. ತೂಗುತಕ್ಕಡಿಯಾದರೆ ಗಾಳಿ ಇಲ್ಲದ ಕಡೆ ನೇತುಹಾಕಿ.

ಅಂಕಿ ಏನು ಹೇಳುತ್ತದೆ

ಚದರ ಮೀಟರಿಗೆ 1 ಗ್ರಾಂ ಅಂದರೆ ಹೆಕ್ಟೇರಿಗೆ 10 ಕಿಲೋ. 7.2 ಚದರ ಮೀಟರಿನಲ್ಲಿ 1800 ಗ್ರಾಂ ಬಂದರೆ ಚದರ ಮೀಟರಿಗೆ 250 ಗ್ರಾಂ, ಹೆಕ್ಟೇರಿಗೆ 25 ಕ್ವಿಂಟಾಲ್, ಎಕರೆಗೆ ಸುಮಾರು 10 ಕ್ವಿಂಟಾಲ್.

ಮೊದಲು ಪಟ್ಟಿಯ ಸರಾಸರಿ ತೆಗೆದು, ಪ್ರತಿ ತಾಕು ತನ್ನ ಪಟ್ಟಿಯ ಸರಾಸರಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಬರೆದೆ. ತೆಳು ಮಣ್ಣು, ದಪ್ಪ ಮಣ್ಣಿನ ವ್ಯತ್ಯಾಸ ಇಲ್ಲೇ ಕಳೆದುಹೋಗುತ್ತದೆ. ಒಂದು ತಳಿ ನಾಲ್ಕೂ ಪಟ್ಟಿಯಲ್ಲಿ ಮೇಲೇ ಇದ್ದರೆ ಅದರಲ್ಲಿ ಏನೋ ಇದೆ. ಎರಡರಲ್ಲಿ ಮೇಲೆ, ಎರಡರಲ್ಲಿ ಕೆಳಗೆ ಇದ್ದರೆ ಸರಾಸರಿ ಎಷ್ಟೇ ಚೆನ್ನಾಗಿ ಕಂಡರೂ ಅನುಮಾನ.

ಇನ್ನು ಎಷ್ಟು ವ್ಯತ್ಯಾಸವನ್ನು ನಂಬಬಹುದು? ಮರ್ಸರ್–ಹಾಲ್ ಎಕರೆಯಲ್ಲಿ ಏರುಪೇರು, ಅಂದರೆ ತುಂಡುಗಳು ಸಾಮಾನ್ಯವಾಗಿ ಸರಾಸರಿಯಿಂದ ಎಷ್ಟು ದೂರ ಅನ್ನುವ ಅಳತೆ, ಸರಾಸರಿಯ ಸುಮಾರು ಶೇ 12 ಇತ್ತು. ಅದನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಸರಾಸರಿ 250 ಗ್ರಾಂ ಆದರೆ ಏರುಪೇರು 30 ಗ್ರಾಂ. ನಾಲ್ಕು ಪಟ್ಟಿ ಇದ್ದಾಗ ಎರಡು ತಳಿಗಳ ನಡುವಿನ ವ್ಯತ್ಯಾಸದ ಅಳತೆದೋಷ: 30ರ ವರ್ಗ 900, ಅದರ ಎರಡರಷ್ಟು 1800, ನಾಲ್ಕರಿಂದ ಭಾಗಿಸಿದರೆ 450, ಅದರ ವರ್ಗಮೂಲ 21.2. ಆರು ತಳಿ ನಾಲ್ಕು ಪಟ್ಟಿಯ ಪರೀಕ್ಷೆಗೆ ಟಿ-ಕೋಷ್ಟಕದಿಂದ (ವ್ಯತ್ಯಾಸ ಆಕಸ್ಮಿಕವೋ ಅಲ್ಲವೋ ಅಂತ ನೋಡಲು ಬಳಸುವ ಸಂಖ್ಯಾಶಾಸ್ತ್ರದ ಕೋಷ್ಟಕ) ಸಿಗುವ ಸಂಖ್ಯೆ 2.131, ಅದರಿಂದ ಗುಣಿಸಿದರೆ 45 ಗ್ರಾಂ. ಅಂದರೆ ಸರಾಸರಿಯ ಶೇ 18. ಅದಕ್ಕಿಂತ ಕಡಿಮೆ ವ್ಯತ್ಯಾಸ ತಳಿಯದ್ದೋ ಹೊಲದ್ದೋ ಅಂತ ಈ 24 ತಾಕು ಹೇಳಲಾರವು.

ಇಷ್ಟೆಲ್ಲ ಮಾಡಿ ಶೇ 18ಆ ಅಂತ ಬೇಜಾರಾಗಬಹುದು. ಶೇ 10ರ ವ್ಯತ್ಯಾಸ ಹಿಡಿಯಬೇಕು ಅಂದರೆ ಇದೇ ಲೆಕ್ಕದಲ್ಲಿ ಸುಮಾರು 12 ಪಟ್ಟಿ ಬೇಕು. ಪಟ್ಟಿ ಹಾಕಿದ್ದರಿಂದ ಒಳಗಿನ ಏರುಪೇರು ಸ್ವಲ್ಪ ತಗ್ಗುತ್ತದೆ ನಿಜ, ಆದರೂ "ಶೇ 10 ಹೆಚ್ಚು ಇಳುವರಿ" ಅನ್ನುವ ಮಾತನ್ನು ಒಂದು ಹೊಲದ ಸಣ್ಣ ಪರೀಕ್ಷೆಯಿಂದ ಹೌದು ಅನ್ನಲೂ ಆಗುವುದಿಲ್ಲ, ಅಲ್ಲ ಅನ್ನಲೂ ಆಗುವುದಿಲ್ಲ.

ಹಾಗಂತ ಏನೂ ಸಿಗಲಿಲ್ಲ ಅಂತಲ್ಲ. ಅಕ್ಷರದ ಹಾಳೆ ತೆರೆದಾಗ ಚೆಕ್ ತಳಿ ಮ ಅಂತ ಗೊತ್ತಾಯಿತು. ನ ಮತ್ತು ಸ ನಾಲ್ಕೂ ಪಟ್ಟಿಯಲ್ಲಿ ಅದಕ್ಕಿಂತ ಸ್ಪಷ್ಟವಾಗಿ ಕೆಳಗಿದ್ದವು, ಅವನ್ನು ಬಿಟ್ಟೆ. ಕ ಮತ್ತು ಟ ಅದರ ಜೊತೆಗೇ ಇದ್ದವು, ಬೇರೆ ಮಾಡಲಾಗಲಿಲ್ಲ. ಕಾಳಿನಲ್ಲಿ ಸಮ ಅಂದಮೇಲೆ ಹುಲ್ಲಿನ ತೂಕ ನೋಡಿದೆ, ಅದರಲ್ಲಿ ಟ ಮುಂದೆ. ಗ ವಿಚಾರ ಬೇರೆ. ಮೇಲಿನ ಎರಡು ಪಟ್ಟಿಯ ತೆಳು ಮಣ್ಣಿನಲ್ಲಿ ಅದೇ ಮೊದಲು, ಕೆಳಗಿನ ದಪ್ಪ ಮಣ್ಣಿನಲ್ಲಿ ಹಿಂದೆ. ದಾಖಲೆ ತೆಗೆದು ನೋಡಿದರೆ ಕಾರಣ ಇತ್ತು. ಮಳೆ ನಿಂತ ಹೊತ್ತಿಗೆ ಗ ಕಾಳು ಕಟ್ಟಿ ಆಗಿತ್ತು, ಉಳಿದವು ಆಗತಾನೇ ತೆನೆ ಬಿಡುತ್ತಿದ್ದವು. ತೆಳು ಮಣ್ಣು ನೀರು ಹಿಡಿಯದೆ ಉಳಿದವು ಬಾಡಿದವು. ಕೆಳಗೆ ತೇವ ಉಳಿದಿತ್ತು, ಅಲ್ಲಿ ನಿಧಾನದ ತಳಿಗಳು ಅದನ್ನು ಬಳಸಿಕೊಂಡವು. ಆಸ್ಟ್ರೇಲಿಯಾದ ಫಿನ್ಲೆ ಮತ್ತು ವಿಲ್ಕಿನ್ಸನ್ 1963ರಲ್ಲಿ ಬಾರ್ಲಿ ತಳಿಗಳನ್ನು ಹೀಗೇ ನೋಡಿದರು: ಪ್ರತಿ ಜಾಗದ ಸರಾಸರಿ ಇಳುವರಿಯನ್ನು ಆ ಜಾಗದ ಯೋಗ್ಯತೆ ಅಂತ ಇಟ್ಟುಕೊಂಡು, ಕೆಟ್ಟ ಜಾಗದಿಂದ ಒಳ್ಳೆ ಜಾಗಕ್ಕೆ ಹೋದಂತೆ ಒಂದು ತಳಿ ಎಷ್ಟು ಏರುತ್ತದೆ ಅಂತ ಗೆರೆ ಎಳೆದರು. ಗ ತರಹದ ತಳಿಯ ಗೆರೆ ಚಪ್ಪಟೆ. ನಾಲ್ಕು ಪಟ್ಟಿಯಲ್ಲಿ ಗೆರೆ ಎಳೆಯುವುದು ಅತಿಯಾಯಿತು, ಆದರೆ ನೋಡುವ ದಾರಿ ಅದೇ.

ಮುಂದಿನ ಹಂಗಾಮಿಗೆ

ಆರು ತಳಿ ಬೇಡ. ಗ, ಟ ಮತ್ತು ಚೆಕ್ ಸಾಕು. ಒಂದೇ ಹೊಲದಲ್ಲಿ 12 ಪಟ್ಟಿ ಹಾಕುವ ಬದಲು ಬೇರೆಬೇರೆ ಮಣ್ಣಿನ ಹಲವು ಹೊಲಗಳಲ್ಲಿ ಒಂದೊಂದು ಸಲ ಹಾಕಿದರೆ ಲಾಭ ಜಾಸ್ತಿ. ಹೊಲವೇ ಪಟ್ಟಿ ಆಗುತ್ತದೆ, ಮಣ್ಣಿನ ತರಹಗಳೂ ಸಿಗುತ್ತವೆ. ಆದರೆ ಎಲ್ಲರ ಹೊಲದಲ್ಲೂ ಪೊಟ್ಟಣ ಕಟ್ಟಿಕೊಂಡು ಓಡಾಡಲು ಆಗುವುದಿಲ್ಲ. ಮಾಮೂಲಿ ಬಿತ್ತನೆ ಯಂತ್ರದಲ್ಲೇ ಆಗಬೇಕು.

ಅದಕ್ಕೆ ಹಳೇ ಉಪಾಯ ಒಂದಿದೆ. ಬಾರ್ಲಿ ತಳಿ ತಜ್ಞ ಬೀವನ್ ಬಳಸಿದ್ದು, ಗಿನ್ನೆಸ್ ಬ್ರೂವರಿಯಲ್ಲಿದ್ದ ಗಾಸೆಟ್ ಮೆಚ್ಚಿಕೊಂಡಿದ್ದು. 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಲೇಖನ ಬರೆದ ಗಾಸೆಟ್ ಇವರೇ, ಮೇಲೆ ಹೇಳಿದ ಕೋಷ್ಟಕದ ಮೂಲ ಅಲ್ಲಿದೆ. ಬಿತ್ತನೆ ಯಂತ್ರದ ಬೀಜದ ಪೆಟ್ಟಿಗೆಗೆ ನಡುವೆ ಒಂದು ತಡೆ ಹಾಕಿ ಎಡಕ್ಕೆ ಒಂದು ತಳಿ, ಬಲಕ್ಕೆ ಇನ್ನೊಂದು ತುಂಬುವುದು. ಹೊಲದ ತುದಿಗೆ ಹೋಗಿ ತಿರುಗಿ ಬರುವಾಗ ಎಡ ಬಲ ತಾನಾಗಿ ಅದಲುಬದಲಾಗುತ್ತದೆ, ಒಂದೇ ತಳಿಯ ಎರಡು ಪಟ್ಟೆ ಅಕ್ಕಪಕ್ಕ, ಆಮೇಲೆ ಇನ್ನೊಂದರ ಎರಡು, ಹೀಗೆ ಹೊಲದುದ್ದಕ್ಕೂ. ಪ್ರತಿ ಪಟ್ಟೆಯ ಪಕ್ಕದಲ್ಲೇ ಅದರ ಜೋಡಿ ಇರುವುದರಿಂದ ಹೊಲದ ಏರುಪೇರು ಎರಡಕ್ಕೂ ಹತ್ತಿರ ಹತ್ತಿರ ಒಂದೇ. ಚೀಟಿ ಇಲ್ಲ ಅಂತ ಫಿಶರ್ ಇದನ್ನು ಒಪ್ಪಲಿಲ್ಲ, ಅವರಿಗೂ ಗಾಸೆಟ್‌ಗೂ ವಾದ ನಡೆದದ್ದೇ. ನನಗೆ ಚೀಟಿಯೂ ಬೇಕು, ಹಾಗಾಗಿ ಪ್ರತಿ ಹೊಲದಲ್ಲೂ ಯಾವ ತಳಿ ಎಡಕ್ಕೆ ಅಂತ ನಾಣ್ಯ ಚಿಮ್ಮಿ ನಿರ್ಧರಿಸುತ್ತೇನೆ. ಒಂದು ಹೊಲಕ್ಕೆ ಚೆಕ್ ಮತ್ತು ಗ, ಪಕ್ಕದ್ದಕ್ಕೆ ಚೆಕ್ ಮತ್ತು ಟ.

ಪೆಟ್ಟಿಗೆಗೆ ತಡೆ ಕತ್ತರಿಸಿ ಆಯಿತು, 6 ಮಿ.ಮೀ. ಪ್ಲೈವುಡ್. ಪೆಟ್ಟಿಗೆಯ ತಳ ಇಳಿಜಾರಾಗಿರುವುದರಿಂದ ಮೊದಲು ರಟ್ಟಿನಲ್ಲಿ ಆಕಾರ ತೆಗೆದು, ಆಮೇಲೆ ಪ್ಲೈವುಡ್ ಕೊಯ್ದೆ. ಕೆಳಗಿನ ಸಂದಿಯಲ್ಲಿ ರಾಗಿ ಕಾಳು ನುಸುಳುತ್ತದೆ, ಅದಕ್ಕೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದ್ದೇನೆ. ಒಂದು ಕಡೆ ಬೀಜ ತುಂಬಿ ಚಕ್ರ ತಿರುಗಿಸಿ ನೋಡಿದಾಗ ಇನ್ನೊಂದು ಕಡೆಗೆ ಕಾಳು ಹೋಗಲಿಲ್ಲ. ಎಡ ಮತ್ತು ಬಲ ಒಂದೇ ಪ್ರಮಾಣದಲ್ಲಿ ಬೀಜ ಬಿಡುತ್ತವೆಯಾ ಅಂತ ನೋಡುವುದು ಬಾಕಿ. ಎರಡೂ ಕಡೆ ಒಂದೇ ತಳಿ ತುಂಬಿ, ಕೊಳವೆಗಳ ಬಾಯಿಗೆ ಚೀಲ ಕಟ್ಟಿ, ಚಕ್ರವನ್ನು ಒಂದೇ ಲೆಕ್ಕದಲ್ಲಿ ತಿರುಗಿಸಿ ತೂಗಬೇಕು.